ಮರಳಿನ ಮೇಲಿನ ನಾಲೆ

ಪೀಣ್ಯ
೧೪-೨-೧೯೭೯

ಪ್ರಿಯ ಚಿನ್ನಪ್ಪನಿಗೆ ಆವಲಪ್ಪನ ನಮಸ್ಕಾರ.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಎಷ್ಟು ಬೇಕಾದರೂ ಬೈದುಕೋ, ಆದರೆ ಓದದೆ ಹರಿಯಬೇಡ. ನಿನ್ನ ಮಗಳು ಭಾಗ್ಯಳ ಮದುವೆ ಗೊತ್ತಾಯಿತೆಂದು ತಿಳಿದು ಸಂತೋಷವಾಯಿತು. ನನ್ನ ವಾಸ ನಾನು ಕಾವಲು ಕಾಯುವ ಕಾರ್ಖಾನೆಯ ಗೇಟಿನ ಕೋಣೆಯಲ್ಲೇ. ಶಿಫ್ಟು ಬಿಟ್ಟಾಗ ಇನ್ನೂರು ಜನ ಸಲಾಮು ಹೊಡೆದು ಹೋಗುತ್ತಾರೆ, ಆಮೇಲೆ ಮಾತಾಡಿಸುವವರಿಲ್ಲ. ಒಂಟಿ ಅನ್ನಿಸುತ್ತದೆ ಕಣೋ.

ಹೋದ ವಾರ ಒಂದು ತಮಾಷೆ ನಡೆಯಿತು. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಯೋಜನೆ ಹಾಕಲು ಮ್ಯಾನೇಜರು ಹೇಳಿದರು. ನಾನು ಪಲ್ಟನ್ನಿನಲ್ಲಿ ಮಾಡುತ್ತಿದ್ದಂತೆ ಅಂಗಳದಲ್ಲಿ ಮರಳು ಹರಡಿ, ಬೆಂಕಿಪೊಟ್ಟಣಗಳನ್ನೇ ಶೆಡ್ಡುಗಳೆಂದು ಜೋಡಿಸಿ, ಆಟದಲ್ಲಿ ನಾನೇ ಬೆಂಕಿಯಾದೆ. ಹಿಂದಿನ ಬಣ್ಣದ ಗೋದಾಮಿನಿಂದ ಹೊರಟೆ. ನೀರಿನ ಪೈಪು ಅಲ್ಲಿಗೆ ಮುಟ್ಟಲೇ ಇಲ್ಲ. ಮೂರು ಶೆಡ್ಡು ತಿಂದುಹಾಕಿದೆ.

"ಏನ್ರೀ ಇದು? ಮೇಲಿನೋರು ನೋಡೋಕ್ ಬರ್ತಾರೆ. ಬೆಂಕಿ ಪೈಪು ಮುಟ್ಟೋ ಗೇಟ್ ಹತ್ರಾನೇ ಬೀಳ್ಲಿ ಬಿಡ್ರಿ" ಅಂದರು ಮ್ಯಾನೇಜರು.

"ಆಗಲ್ಲ ಸಾರ್. ಆಟದಲ್ಲಿ ಸೋತ್ರೆ ಯಾರೂ ಸಾಯಲ್ಲ. ಅದಕ್ಕೇ ತಾನೇ ಆಡೋದು?" ಅಂದೆ. ನನ್ನ ದನಿಗೆ ನನಗೇ ಭಯವಾಯಿತು. ಮಾರನೆಯ ದಿನ ಉದ್ದನೆಯ ಪೈಪು ಬಂತು.

ಎಪ್ಪತ್ತೊಂದರ ಯುದ್ಧಕ್ಕೆ ಮುಂಚೆ ನಮ್ಮ ಪಲ್ಟನ್ನಿನ ಸಾಹೇಬರು ಹೀಗೇ ಮರಳಿನ ಮೇಲೆ ಯುದ್ಧ ಆಡಿದ್ದು ನಿನಗೆ ಗೊತ್ತು. ಶತ್ರುವಿನ ಕಡೆ ಆಡಬೇಕಿದ್ದವರಿಗೆ ಜ್ವರ ಬಂದು, ಮರಳು ಜೋಡಿಸುತ್ತಿದ್ದ ನನ್ನನ್ನೇ ಶತ್ರು ಮಾಡಿದರು. ಸಾಹೇಬರು ಕಾವಲಿಟ್ಟಿದ್ದ ಸೇತುವೆ ಬಿಟ್ಟು ಒಣಗಿದ ನಾಲೆಯೊಳಗಿಂದ ನುಗ್ಗಿ ಗೆದ್ದೆ. ಮಾರನೆಯ ದಿನ ಮತ್ತೆ ಆಡಿಸಿದರು. ಸೇತುವೆಯ ಮೇಲೆ ಬಂದು ಸೋತೆ. ಯೋಜನೆ ಪಾಸಾಯಿತು. ನಾಲೆ ಕಾಯಲು ಆರೇ ಜನರನ್ನು ಹಾಕಿದರು. ಶತ್ರು ಬಂದದ್ದು ನಾಲೆಯಿಂದಲೇ. ಆರು ಜನರಲ್ಲಿ ಬದುಕಿ ಬಂದವನು ನೀನೊಬ್ಬ, ಅದೂ ಒಂದು ಕಾಲು ಕಳೆದುಕೊಂಡು.

"ಆವಲಪ್ಪನ ಮಾತು ಕೇಳಿದ್ರೆ ನನ್ ಕಾಲು ಉಳೀತಿತ್ತು" ಅಂತ ನೀನು ಊರೆಲ್ಲ ಹೇಳುತ್ತೀಯಂತೆ. ನಿಮ್ಮೂರಿನ ಮುನಿಯಣ್ಣ ಸಿಕ್ಕಾಗ ಹೇಳಿದ. ಇನ್ನು ಮೇಲೆ ಹಾಗೆ ಹೇಳಬೇಡ.

ಮದುವೆಗೆ ನಾನು ಬರಬಹುದೋ ಇಲ್ಲವೋ, ಕಾಗದ ಪೂರ್ತಿ ಓದಿದ ಮೇಲೆ ನೀನೇ ಬರೆ. ಭಾಗ್ಯ ಗಂಡನೊಂದಿಗೆ ನೂರು ಕಾಲ ತಣ್ಣಗಿರಲಿ.

ನಿನ್ನ
ಆವಲಪ್ಪ

ಸಹಿ ಹಾಕಿದ ಮೇಲೆ ಬರೆದದ್ದು: ಎರಡನೇ ಆಟದಲ್ಲಿ ಸೋಲು ಎಂದು ನನಗೆ ಯಾರೂ ಹೇಳಿರಲಿಲ್ಲ. ಆಟ ಬೇಗ ಮುಗಿದರೆ ನನ್ನ ರಜೆಗೆ ಸಹಿ ಹಾಕುತ್ತೇನೆ ಎಂದಿದ್ದರು ಸಾಹೇಬರು, ಅಷ್ಟೆ. ಬೇಕೆಂದೇ ಸೋತೆ. ಆ ರಜೆಯಲ್ಲೇ ನಾನು ಸರ್ಜಾಪುರಕ್ಕೆ ಬಂದು, ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಿದ್ದು. ಮುದ್ದೆ ಬಡಿಸುತ್ತಾ ಅವರು, "ನೀನ್ ಬಂದಿದ್ದು ನನ್ ಮಗನೇ ಬಂದಂಗಾಯ್ತು ಕಣಪ್ಪ" ಅಂದರು.