ಹೆಜ್ಜೇನು ಎದ್ದ ಮಧ್ಯಾಹ್ನ

ಸಕಲೇಶಪುರ
೧೮-೪-೧೯೫೪

ಅವ್ವಾ,

ನಿನ್ನ ಕಾಲು ಮುಟ್ಟಿದೆನೆಂದು ತಿಳಿ. ಅಕ್ಷರ ವಾಲಿದ್ದರೆ ಗಾಬರಿಯಾಗಬೇಡ, ಬಲಗೈ ಬೆರಳು ಇನ್ನೂ ಸರಿಯಾಗಿ ಮಡಚಲು ಬರುತ್ತಿಲ್ಲ. ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಜೀವಕ್ಕೇನೂ ಭಯವಿಲ್ಲ. ಅಷ್ಟು ನಂಬಿಕೊಂಡು ಮುಂದೆ ಓದು.

ಹೋದ ಸೋಮವಾರ ನಾವು ಪಾಳ್ಯದ ಮೇಲೆಯೇ ಹಾದುಬಂದೆವು. ಒಂದು ಗಳಿಗೆ ನಿಲ್ಲಿಸಿ, ಅವ್ವನ ಮುಖ ನೋಡಿ ಬರುತ್ತೇನೆ ಎಂದೆ. ಬರುವಾಗ ಇಳಿಯುವೆಯಂತೆ ಎಂದರು ನಿನ್ನ ಅಳಿಯ. ಅವರು ಮಿಲಿಟರಿಯವರ ಹರಾಜಿನಲ್ಲಿ ಹಳೆಯ ವ್ಯಾನು ಹಿಡಿದಿದ್ದರಲ್ಲ, ಅದರೊಳಗೆ ಹಲಗೆಮಂಚ, ನೀರಿನ ಪೀಪಾಯಿ, ಪಾತ್ರೆಗೂಡು ಎಲ್ಲ ಮಾಡಿಸಿದ್ದಾರೆ. ನಮ್ಮ ಕುಂದೂರಿನವರು ಅದನ್ನು ಮನೆಗಾಡಿ ಅನ್ನುತ್ತಾರೆ. ಘಟ್ಟದ ಕಾಡು ತೋರಿಸುತ್ತೇನೆ ಬಾ ಎಂದು ಕರೆದಾಗ ನಾನು ಹಿಗ್ಗಿಹೋದೆ. ಮದುವೆಯಾಗಿ ಏಳು ವರ್ಷದಲ್ಲಿ ನನ್ನನ್ನು ಎಲ್ಲಿಗಾದರೂ ಕರೆದದ್ದು ಅದೇ ಮೊದಲು. ಅತ್ತೆಮ್ಮನೂ ಹೊರಟರು.

ಬಾಳ್ಳುಪೇಟೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನು ಪರದೆಯ ಹಿಂದೆ ಒಳಗೇ ಕೂತಿದ್ದೆ. ಹೋಟೆಲಿನವನು ಕೇಳಿದ:

"ಏನ್ ವಿಶಾಲಮ್ಮೋರೆ, ಗುಂಡಯ್ಯನೋರ ಮನೇಗೆ ಹೆಣ್ಣು ನೋಡಕ್ಕೆ ಹೊರಟ್ರಂತೆ?"

ಅತ್ತೆಮ್ಮ, "ಹೂಂ ಕಣಪ್ಪ. ಮನೇಲಿ ಒಂದು ಕೂಸು ಬ್ಯಾಡ್ವಾ?" ಎಂದರು.

ನಿನ್ನ ಅಳಿಯ ಲೋಟ ಕೆಳಗಿಟ್ಟ ಸದ್ದು ಮಾತ್ರ ಕೇಳಿಸಿತು.

ನನ್ನನ್ನು ಯಾಕೆ ಜೊತೆಗೆ ಕರೆತಂದರೆಂದು ಆಮೇಲೆ ತಿಳಿಯಿತು. ಮೊದಲನೆಯವಳು ಒಪ್ಪಿದ್ದಾಳೆಂದು ಗುಂಡಯ್ಯನವರು ಕಣ್ಣಾರೆ ನೋಡಬೇಕಿತ್ತಂತೆ.

ಸಕಲೇಶಪುರ ದಾಟಿ ಏರು ಹತ್ತುವಾಗ ಒಂದು ಕಡವೆ ರಸ್ತೆಯ ಮಧ್ಯೆಯೇ ನಿಂತಿತ್ತು. ಅವರು ಇಂಜಿನ್ ನಿಲ್ಲಿಸಿ, ನೋಡೇ ಗಂಗಾ ಎಂದು ಪಿಸುಗುಟ್ಟಿದರು. ಅಷ್ಟು ದೊಡ್ಡ ಜೀವ, ಕಿವಿ ಮಾತ್ರ ಅಲುಗಿಸುತ್ತಿತ್ತು. ಎಷ್ಟು ಆಸೆಪಟ್ಟು ಹೊರಟಿದ್ದೆ! ಈಗ ಅದನ್ನು ನೋಡುತ್ತ ನನಗೆ ಅಳು ಬಂತು. ಹೆದರಿದಳು ಎಂದುಕೊಂಡು ಅವರು ನಕ್ಕರು. ಗಾಡಿಯೊಳಗೆ ಬೆಲ್ಲದ ಡಬ್ಬಕ್ಕೆ ಇರುವೆಗಳ ಸಾಲು, ಹುಲ್ಲಿಗಿಳಿದರೆ ಕಾಲಿಗೆ ರಕ್ತ ಹೀರುವ ಉಣುಗು. ಅತ್ತೆಮ್ಮ ನನ್ನ ಹಿಮ್ಮಡಿಯಿಂದ ಒಂದು ಉಣುಗನ್ನು ಉಗುರಿನಿಂದ ಕಿತ್ತು ತೆಗೆದರು. ಮುಖ ಮಾತ್ರ ನೋಡಲಿಲ್ಲ.

ಮಧ್ಯಾಹ್ನ ಹಳ್ಳದ ಬದಿ ಒಂದು ದೊಡ್ಡ ಮರದ ಕೆಳಗೆ ಅಡಿಗೆಗೆ ನಿಂತೆವು. ಕಾಫಿ ಹೂ ಬಿಟ್ಟು ಬೆಟ್ಟವೆಲ್ಲ ಘಮಘಮ ಅನ್ನುತ್ತಿತ್ತು. ಮೇಲೆ ಕೊಂಬೆಗಳಲ್ಲಿ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿದ್ದನ್ನು ನಾವ್ಯಾರೂ ನೋಡಲಿಲ್ಲ. ಅತ್ತೆಮ್ಮ ಹಳ್ಳದಲ್ಲಿ ಅಕ್ಕಿ ತೊಳೆಯುತ್ತಿದ್ದರು. ನಾನು ಗಾಡಿಯೊಳಗೆ ಈರುಳ್ಳಿ ಹೆಚ್ಚುತ್ತಿದ್ದೆ. ನಿನ್ನ ಅಳಿಯ ಒಲೆ ಹೂಡಿ ಹಸಿಸೊಪ್ಪಿಗೆ ಬೆಂಕಿ ಹಿಡಿಸಿದರು, ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

ಮೊದಲು ಮಳೆ ಬಂತೇನೋ ಎಂಬಂಥ ಸದ್ದು, ಹೊಗೆಗೆ ಹೆಜ್ಜೇನು ಎದ್ದಿತ್ತು. ಅವರು ಗಾಡಿಯೊಳಗೆ ಹಾರಿ ಅಗುಳಿ ಹಾಕಿಕೊಂಡರು. ಹಿಂದೆಯೇ ಬಾಗಿಲು ಬಡಿದ ಸದ್ದು.

"ಚಂದ್ರಾ, ತೆಗಿಯೋ! ನಾನು ಕಣೋ!"

ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ತೆಗೆಯಿರಿ ಎಂದೆ. "ತೆಗುದ್ರೆ ನಾವೂ ಸಾಯ್ತೀವಿ ಕಣೇ," ಎಂದರು. ಹೊರಗೆ ಬಡಿತ ನಿಧಾನವಾಯಿತು.

ಅವ್ವಾ, ಆಗ ನಾನು ಏನೂ ಯೋಚಿಸಲಿಲ್ಲ. ಮಂಚದ ಕಂಬಳಿ ಎಳೆದುಕೊಂಡು, ಅವರನ್ನು ತಳ್ಳಿ, ಅಗುಳಿ ಕಿತ್ತು ಹೊರಗೆ ಬಿದ್ದೆ. ಅತ್ತೆಮ್ಮನನ್ನು ನೆಲಕ್ಕೆ ಒರಗಿಸಿ ಇಬ್ಬರ ಮೇಲೂ ಕಂಬಳಿ ಎಳೆದುಕೊಂಡು ಕವುಚಿ ಮಲಗಿದೆ. ನಮ್ಮ ಹಿಂದೆ ಅಗುಳಿ ಮತ್ತೆ ಬಿದ್ದದ್ದು ನನಗೂ ಕೇಳಿಸಿತು, ಅತ್ತೆಮ್ಮನಿಗೂ ಕೇಳಿಸಿತು.

ಬಾಳ್ಳುಪೇಟೆಯ ರಹೀಂ ಎನ್ನುವವರು ಮರದ ದಿಮ್ಮಿ ಸಾಗಿಸುವ ಲಾರಿಯಲ್ಲಿ ಆ ದಾರಿಯಾಗಿ ಬಾರದಿದ್ದರೆ ಈ ಕಾಗದ ಇರುತ್ತಿರಲಿಲ್ಲ. ಲಾರಿಯನ್ನು ನಮ್ಮ ಪಕ್ಕಕ್ಕೇ ತಂದು, ತಾಡಪಾಲು ಹೊದ್ದು ಇಳಿದು, ಒಬ್ಬೊಬ್ಬರನ್ನೇ ಒಳಗೆ ಎಳೆದುಕೊಂಡರು. ಅವರಿಗೂ ಮುಖವೆಲ್ಲ ಊದಿತ್ತು. "ತಾಯಿ, ಜೀವ ಬಿಡ್ಬೇಡಿ, ಬಂದ್‌ಬುಡ್ತು ಆಸ್ಪತ್ರೆ," ಎಂದು ದಾರಿಯುದ್ದಕ್ಕೂ ಅತ್ತೆಮ್ಮನಿಗೆ ಹೇಳುತ್ತಲೇ ಇದ್ದರು.

ಸಂಜೆ ಹುಳುಗಳು ಅಡಗಿದ ಮೇಲೆ ನಿನ್ನ ಅಳಿಯ ಗಾಡಿಯಲ್ಲಿ ಆಸ್ಪತ್ರೆಗೆ ಬಂದರು. ಎರಡು ದಿನ ಅತ್ತೆಮ್ಮನಿಗೆ ಎಚ್ಚರವಿರಲಿಲ್ಲ. ಎಚ್ಚರಾದಾಗ ಕಣ್ಣು ತೆರೆಯಲಾಗದೆ ನನ್ನ ಕೈ ತಡವಿ, ಯಾರು ಎಂದರು. ನಾನು, ಗಂಗಾ ಎಂದೆ. ಕೈ ಬಿಡಲಿಲ್ಲ.

ನಿನ್ನೆ ಗುಂಡಯ್ಯನವರು ನೋಡಲು ಬಂದರು. ಹಣ್ಣು ತಂದಿದ್ದರು. ವಾಸಿಯಾದ ಮೇಲೆ ಮಾತು ಮುಂದುವರಿಸೋಣ ಎಂದರು. ಅತ್ತೆಮ್ಮ ಮಲಗಿದಲ್ಲಿಂದಲೇ ಹೇಳಿದರು:

"ಬ್ಯಾಡಿ ಗುಂಡಯ್ಯನೋರೆ. ನಿಮ್ಮ ಮಗಳ್ನ ಇವನಿಗೆ ಕೊಡ್ಬ್ಯಾಡಿ. ಹೆತ್ತೋಳೇ ಹೇಳ್ತಾ ಇವ್ನಿ."

ನಿನ್ನ ಅಳಿಯ ಕಾಲುದೆಸೆಯಲ್ಲಿ ನಿಂತಿದ್ದರು. ಗುಂಡಯ್ಯನವರು ಅವರನ್ನೊಮ್ಮೆ ನೋಡಿದರು. ಹಣ್ಣಿನ ಚೀಲ ಕಿಟಕಿಯ ಮೇಲಿಟ್ಟು ಹೊರಟುಹೋದರು.

ಆಮೇಲೆ ಅವರು ಜಗಲಿಯಲ್ಲಿ ಕೂತು ಅತ್ತರು. "ಕೈ ನನ್ನ ಮಾತು ಕೇಳ್ಲಿಲ್ಲ ಗಂಗಾ. ತೆಗೀಬೇಕು ಅಂತ್ಲೇ ಇತ್ತು," ಎಂದರು. ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಹೆದರಿದ ಮನುಷ್ಯನನ್ನು ದ್ವೇಷಿಸಲು ಆಗುವುದಿಲ್ಲ ಅವ್ವಾ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಆದರೆ ಅವರ ಜೊತೆ ಮತ್ತೆ ಸಂಸಾರಕ್ಕೆ ಹೋಗುತ್ತೇನೆಂದು ನನ್ನ ಬಾಯಲ್ಲಿ ಬರಲಿಲ್ಲ.

ಶುಕ್ರವಾರದ ಬಸ್ಸಿಗೆ ಪಾಳ್ಯಕ್ಕೆ ಬರುತ್ತೇನೆ. ಎಷ್ಟು ದಿನಕ್ಕೆ ಎಂದು ಕೇಳಬೇಡ. ಊರಿನವರು ಕೇಳಿದರೆ ಏನು ಹೇಳಬೇಕೋ ನೀನೇ ಯೋಚಿಸಿಡು, ನನಗೆ ತಿಳಿಯುತ್ತಿಲ್ಲ.

ನಿನ್ನ ಮಗಳು,
ಗಂಗಾಮಣಿ

ಇನ್ನೊಂದು ಮಾತು: ನಾನೊಬ್ಬಳೇ ಬರುತ್ತಿಲ್ಲ. ಅತ್ತೆಮ್ಮ ಇವತ್ತು ಬೆಳಿಗ್ಗೆ, "ನಿಮ್ಮವ್ವ ನನ್ನೂ ಸೇರಿಸ್ಕೊಂಡಾರಾ?" ಎಂದು ಕೇಳಿದರು. ನಿನ್ನನ್ನು ಕೇಳದೆಯೇ ಹೂಂ ಅಂದುಬಿಟ್ಟೆ. ಅವರಿಗೆ ಕಣ್ಣು ಇನ್ನೂ ಸರಿಯಾಗಿ ಕಾಣುವುದಿಲ್ಲ. ಮಂಚ ಅವರಿಗಿರಲಿ. ನಾನು ಕೆಳಗೆ ನಿನ್ನ ಪಕ್ಕ ಮಲಗುತ್ತೇನೆ.