ನಗುವಿಗೆ ಬಿಟ್ಟ ಜಾಗ

ಪ್ರೀತಿಯ ಪೆಗಿ ಆಂಟಿ,

ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ಆದರೆ ನೈರೋಬಿಯ ಪಂಗಾನಿಯ ನಮ್ಮ ಅಡುಗೆಮನೆಯಲ್ಲಿ ಅಮ್ಮ ನನ್ನನ್ನು ಬೈಯುವಾಗ ಸರಿಯಾದ ಕಡೆಯೇ ನಗುತ್ತಿದ್ದಿರಲ್ಲ? ಈ ಪತ್ರಕ್ಕೆ ಅಷ್ಟು ಕನ್ನಡ ಸಾಕು.

ಎದುರು ಮನೆಗೆ ನೀವು ಬಂದ ದಿನ, ಪೆಟ್ಟಿಗೆ ತುಂಬಾ ಟೊಪ್ಪಿಗಳನ್ನು ಕಂಡು ಅಮ್ಮ ನಿಮ್ಮನ್ನು ಟೊಪ್ಪಿ ಮಾರುವವರೆಂದುಕೊಂಡಿದ್ದಳು. ಹಾಡು, ಕುಣಿತ, ಹಾಸ್ಯ ಎಲ್ಲ ಒಂದೇ ವೇದಿಕೆಯ ಮೇಲೆ ನಡೆಯುವ ಗ್ಲಾಸ್ಗೋದ ಮ್ಯೂಸಿಕ್ ಹಾಲ್‌ಗಳಲ್ಲಿ ನೀವು ಹುಡುಗಿಯಾಗಿದ್ದಾಗಲೇ ಹೆಸರು ಮಾಡಿದ್ದಿರೆಂದು ಆಮೇಲೆ ತಿಳಿಯಿತು. ಹಡಗುಕಟ್ಟೆಯ ಕೂಲಿಗಳು ನಗು ಬರದಿದ್ದರೆ ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದರಂತೆ.

"ನಿಮಗೂ ಬಿತ್ತಾ ಆಂಟಿ?" ಎಂದರೆ, "ಮೊದಲ ವಾರ ಮಾತ್ರ" ಎಂದಿರಿ. ಎಂಥ ಜಂಬ ನಿಮ್ಮದು!

ಆ ಹಾಲ್‌ಗಳು ಮುಚ್ಚಿ, ಗಂಡನ ಕೆಲಸದ ಹಿಂದೆ ನೈರೋಬಿಗೆ ಬಂದು, ತಲೆ ನರೆತ ಮೇಲೆ ನಿಮಗೆ ಮೊದಲ ಟೀವಿ ಪಾತ್ರ ಸಿಕ್ಕಿತು. ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ಎದುರು ಪಾತ್ರದ ಮಾತು ಓದುತ್ತಿದ್ದೆ. ನೀವು ಕೈಯೆತ್ತಿ ತಡೆಯುತ್ತಿದ್ದಿರಿ: "ತಾಳು, ಜನ ಇನ್ನೂ ನಗ್ತಿದ್ದಾರೆ." ಯಾವ ಜನ? ಅಲ್ಲಿ ಇದ್ದದ್ದು ನಾವಿಬ್ಬರೇ.

ಶೂಟಿಂಗ್ ದಿನ ನಿಮ್ಮ ಜೊತೆ ಮಟಾಟು ವ್ಯಾನ್ ಹತ್ತಿ ನಾನೂ ಬಂದಿದ್ದೆ. ಒಂದು ಮಾತು ಹೇಳಿದಿರಿ, ಟೀಪಾಟಿನ ಮುಚ್ಚಳ ತೆಗೆದು ಒಳಗೆ ಇಣುಕಿದಿರಿ, ಸುಮ್ಮನೆ ನಿಂತೇ ಬಿಟ್ಟಿರಿ. ನಿರ್ದೇಶಕ ರೇಗಿದ. "ಮ್ಯಾಡಂ, ಇಲ್ಲಿ ನಗೋಕೆ ಯಾರಿದ್ದಾರೆ?"

"ಇಲ್ಲಿಲ್ಲ. ಮನೆಗಳಲ್ಲಿ ಇದ್ದಾರೆ."

ಜಗ್ಗಲಿಲ್ಲ ನೀವು. ಅವನು ಹಾಗೇ ಶೂಟ್ ಮಾಡಿದ, ಆದರೆ ಆಮೇಲೆ ಆ ಬಿಡುವನ್ನು ಕತ್ತರಿಸುತ್ತೇನೆ ಎಂದ.

ಕೊನೆಗೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ನೀವು ಕೇಳಿದ್ದು ಅದೊಂದೇ. "ಉಳಿಸಿದ್ದಾನಾ?" ನನಗೆ ಗೊತ್ತಿರಲಿಲ್ಲ. ಪ್ರಸಾರದ ತನಕ ನೀವು ಇದ್ದಿದ್ದರೆ...

ಕಳೆದ ಭಾನುವಾರ ಅದು ಟೀವಿಯಲ್ಲಿ ಬಂತು, ಆಂಟಿ. ನಮ್ಮ ಹಾಲಿನಲ್ಲಿ ಅಮ್ಮ, ಮೇಲಿನ ಮನೆಯ ಲೂಸಿಯಮ್ಮ, ಗೇಟು ಕಾಯುವ ಮುತುವಾ ಎಲ್ಲರೂ ಕೂತಿದ್ದರು. ಟೀಪಾಟ್ ಬಂದಾಗ ನಾನು ಟೀವಿಯ ಹತ್ತಿರ ಸರಿದೆ. ನೀವು ಮುಚ್ಚಳ ತೆಗೆದಿರಿ, ಇಣುಕಿದಿರಿ. ಕತ್ತರಿಸಿರಲಿಲ್ಲ! ಮುತುವಾ ತೊಡೆ ತಟ್ಟಿ ನಕ್ಕ. ಇಂಗ್ಲಿಷ್ ಬಾರದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಬಾಯೇ ಬಿಡದೆ ನಗಿಸ್ತಾಳಲ್ಲೇ ಇವಳು!" ಎಂದಳು. ಪಕ್ಕದ ಮನೆಯ ನಗುವೂ ಗೋಡೆ ದಾಟಿ ಬಂತು.

ಎಲ್ಲರ ನಗು ಇಳಿಯುವುದಕ್ಕೂ ನೀವು ಮುಚ್ಚಳ ಹಾಕುವುದಕ್ಕೂ ಸರಿಹೋಯಿತು. ಆಮೇಲೆ ನೀವು ಮಾತಾಡಿದಿರಿ. ನಗುವಿನಲ್ಲಿ ಒಂದಕ್ಷರವೂ ಮುಳುಗಲಿಲ್ಲ, ಆಂಟಿ.

ನಿಮ್ಮ
ಶಾಂತಲಾ