ದೋಸೆ ಹಿಟ್ಟಿಗೆ ಕಾವಲು

ನೆರೂಳ, ಮಂಗಳವಾರ

ಅಕ್ಕಾ,

ಫೋನ್ ಎತ್ತುವುದಿಲ್ಲ ಎಂದು ಬೈಯಬೇಡ. ನನ್ನ ಫೋನು ಅಡುಗೆಮನೆ ಕಟ್ಟೆಯ ಮೇಲೆ ದೋಸೆ ಹಿಟ್ಟಿನ ವಿಡಿಯೋ ತೆಗೆಯುತ್ತಾ ಕೂತಿದೆ. ಮುಟ್ಟಿದರೆ ಮೊಮ್ಮಗಳು ಪೂಜಿತಾ ಕೂಗಾಡುತ್ತಾಳೆ. ಹಿಟ್ಟು ಉಬ್ಬುವುದು ಕೈಗುಣದಿಂದ ಎಂದು ಬಾಯಿ ತಪ್ಪಿ ಹೇಳಿದೆ, ಅಷ್ಟೇ. ಮೇಲಿನ ಮನೆಯ ಸಾಠೆ ಬಾಯಿ ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವರು. "ಅಜ್ಜಿ ಹೇಳಿದರೆಂದು ನಂಬಬೇಡ, ಮಾಡಿ ನೋಡು" ಎಂದು ಇವಳ ತಲೆಗೆ ತುಂಬಿದ್ದು ಅವರೇ. ನಾನು ಕೈಯಲ್ಲಿ ಕಲಸಿದ್ದು ಒಂದು ಲೋಟ, ಸೌಟಿನಲ್ಲಿ ಕಲಸಿದ್ದು ಇನ್ನೊಂದು. ಮದುವೆಯಾದಂದಿನಿಂದ ದೋಸೆ ಹೊಯ್ದ ನನಗೆ ಈಗ ಪರೀಕ್ಷೆ! ಬೆಳಿಗ್ಗೆ ಎಲ್ಲರಿಗೂ ಬ್ರೆಡ್ಡೇ ಗತಿ.

ಸೋಲಬಾರದೆಂದು, ಯಾರೂ ಇಲ್ಲದಾಗ ನನ್ನ ಲೋಟವನ್ನು ಮೆಲ್ಲ ಬಿಸಿ ಕುಕ್ಕರಿನ ಪಕ್ಕಕ್ಕೆ ಸರಿಸಿದೆ. ಹಾಳು ಫೋನು ಅದನ್ನೂ ತೆಗೆದಿತ್ತು. ಹುಡುಗಿ ನೋಡಿ ಬೈಯುತ್ತಾಳೆ ಎಂದುಕೊಂಡರೆ ಕಣ್ಣರಳಿಸಿ, "ಅಜ್ಜಿ, ಗರಮ್ ಜಾಗದಲ್ಲಿ ಜಲ್ದಿ ಉಬ್ಬುತ್ತೆ ಅಂತ ನಿಂಗೆ ಹೇಗೆ ಗೊತ್ತು?" ಎಂದಳು. ಈಗ ಕುಕ್ಕರಿನ ಪಕ್ಕ ಒಂದು ಲೋಟ, ಫ್ರಿಜ್ಜಿನಲ್ಲಿ ಒಂದು ಲೋಟ. ಮತ್ತೆ ಶುರು!

ಮಂಡಿನೋವು ಕಡಿಮೆ, ಮಾತ್ರೆ ತಪ್ಪಿಸಿಲ್ಲ. ಕಾಗದದಲ್ಲಿ ಜಾಗ ಮುಗಿಯುತ್ತಾ ಬಂತು. ಹಿಟ್ಟಿನ ಪಾತ್ರೆಯನ್ನು ಒಲೆಯ ಹತ್ತಿರವೇ ಯಾಕಿಡಬೇಕೆಂದು ಕೇಳಿ ಚಿಕ್ಕಂದಿನಲ್ಲಿ ಅಮ್ಮನ ಕೈಯಿಂದ ಪೆಟ್ಟು ತಿಂದವಳು ನೀನಲ್ಲವಾ? ಉತ್ತರ ಈ ಮನೆಯಲ್ಲಿ ಸಿಗುವ ಹಾಗಿದೆ. ಬೇಗ ಬಂದು ತಕೊಂಡು ಹೋಗು. ನನಗೆ ನನ್ನ ಫೋನು ಬೇಕು.

ನಿನ್ನ ತಂಗಿ,
ಜಯಲತಾ